ಸಾವಿರ ಕ್ಯಾಮೆರಾ ಸರಿ, ನೋಡೋರು ಯಾರು?

ಕಳೆದ ಸಂಚಿಕೆಯಲ್ಲಿ ದಸರಾ ಬಂದೋಬಸ್ತಿನ ಕ್ಯಾಮೆರಾಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ. ಕೆಲವಕ್ಕೆ ಉದ್ದ ಉತ್ತರ ಬೇಕಿತ್ತು, ಕೆಲವಕ್ಕೆ ಎರಡು ಸಾಲು ಸಾಕಿತ್ತು. ಹೆಸರು ಹಾಕಬೇಡಿ ಅಂತ ಹಲವರು ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಸ್ವಾಮಿ, ಜಂಬೂ ಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೂ ಎಲ್ಲಿ ನೋಡಿದರೂ ಕ್ಯಾಮೆರಾ. ಇಷ್ಟನ್ನೂ ಕೂತು ಯಾರು ನೋಡ್ತಾರೆ? ನೋಡಿದರೂ ಏನು ಮಾಡ್ತಾರೆ?
— ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ, ಮೈಸೂರು

ಎಲ್ಲವನ್ನೂ ಯಾರೂ ನೋಡಲ್ಲ ಸಾರ್. ನೋಡೋಕೆ ಆಗೋದೂ ಇಲ್ಲ. ಒಂದು ಪರದೆಯಲ್ಲಿ 16 ಚೌಕ ಮಾಡಿ ಹಾಕಿದರೂ ಸಾವಿರ ಕ್ಯಾಮೆರಾಗೆ 63 ಪರದೆ ಬೇಕು. ಪರದೆ ದುಡ್ಡು ಕೊಟ್ಟರೆ ಸಿಗುತ್ತದೆ, ಎಂಟು ಗಂಟೆ ರೆಪ್ಪೆ ಬಡಿಯದ ಕಣ್ಣು ಎಲ್ಲಿಂದ ತರೋದು?

ಇದು ಇವತ್ತಿನ ತಲೆನೋವೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ರಾಡಾರ್ ಸಿಬ್ಬಂದಿ ಪರದೆ ಮೇಲೆ ಎದುರಿಗೇ ಮೂಡಿದ ಚುಕ್ಕೆಗಳನ್ನು ಗಮನಿಸದೆ ಬಿಟ್ಟುಬಿಡುತ್ತಿದ್ದರು. ಯಾಕೆ ಹೀಗೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪರೀಕ್ಷೆ ಮಾಡಿದ. ಒಂದು ಮುಳ್ಳು, ಒಂದೊಂದೇ ಹೆಜ್ಜೆ ಸರಿಯುತ್ತಾ ಹೋಗುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ತಪ್ಪಲು ಶುರು ಮಾಡಿದರು. 1948ರಲ್ಲಿ ಅದು ಪ್ರಕಟವಾಯಿತು. ಮನುಷ್ಯ ಅವತ್ತಿಗೂ ಇವತ್ತಿಗೂ ಒಂದೇ, ಕ್ಯಾಮೆರಾ ಮಾತ್ರ ಜಾಸ್ತಿಯಾಗಿದೆ.

ಹಾಗಾಗಿ ದೊಡ್ಡ ಜಾಲಗಳಲ್ಲಿ ಮೊದಲ ನೋಟ ಯಂತ್ರದ್ದು. ಸಯ್ಯಾಜಿರಾವ್ ರಸ್ತೆಯನ್ನೇ ತಗೊಳ್ಳಿ. ಅಂಬಾರಿ ಬರುವ ಮುಂಚೆ ಎರಡೂ ಕಡೆ ಜನ ಸೇರುತ್ತಾ ಹೋಗುತ್ತಾರೆ. ಒಂದು ಚದರ ಮೀಟರಿಗೆ ಇಬ್ಬರು ಮೂವರಿದ್ದರೆ ಓಡಾಡಬಹುದು. ನಾಲ್ಕಾದರೆ ನುಗ್ಗಾಟ. ಐದಾರು ದಾಟಿದರೆ ಯಾರ ಕಾಲು ಯಾರ ಮಾತೂ ಕೇಳುವುದಿಲ್ಲ, ಹಿಂದಿನ ಒಂದು ತಳ್ಳು ಮುಂದಿನವರೆಗೂ ಅಲೆಯ ಹಾಗೆ ಬಂದು ಬಡಿಯುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕೂತ ಅಧಿಕಾರಿಗೆ ಬೇಕಿರುವುದು ವಿಡಿಯೋ ಅಲ್ಲ ಸಾರ್. ನಕ್ಷೆ ಮೇಲೆ ರಸ್ತೆಯ ಆ ತುಂಡು ಕೆಂಪಾಗಬೇಕು, ಪಕ್ಕದಲ್ಲಿ ಒಂದು ಸಂಖ್ಯೆ ಬರಬೇಕು, ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗಬೇಕು. ಅನುಮಾನ ಬಂದರೆ ಆಗ ಕ್ಲಿಕ್ ಮಾಡಿ ಆ ಒಂದು ಕ್ಯಾಮೆರಾದ ದೃಶ್ಯ ನೋಡಿಕೊಳ್ಳುತ್ತಾರೆ.

ಪರಿಸ್ಥಿತಿಯ ಅರಿವು ಅನ್ನುವ ಇದನ್ನೇ ಮೀಕಾ ಎಂಡ್ಸ್‌ಲಿ ಎಂಬ ಎಂಜಿನಿಯರ್ 1995ರಲ್ಲಿ ಮೂರು ಮೆಟ್ಟಿಲು ಮಾಡಿ ಹೇಳಿದರು. ಏನಿದೆ ಅಂತ ಕಾಣಬೇಕು, ಅದರ ಅರ್ಥ ಆಗಬೇಕು, ಮುಂದೇನಾಗುತ್ತೆ ಅಂತ ಅಂದಾಜು ಸಿಗಬೇಕು. ನಮ್ಮಲ್ಲಿ ಟೆಂಡರ್ ಕರೆಯುವಾಗ ಮೊದಲ ಮೆಟ್ಟಿಲಿಗೇ ದುಡ್ಡೆಲ್ಲ ಮುಗಿದಿರುತ್ತದೆ. ಇಷ್ಟು ಕ್ಯಾಮೆರಾ ಹಾಕಿದೆವು ಅಂತ ಪತ್ರಿಕೆಯಲ್ಲಿ ಬರುತ್ತದೆ. ಕೆಂಪಾದ ಎಷ್ಟು ಸೆಕೆಂಡಿಗೆ ಅಡ್ಡರಸ್ತೆಯ ಬ್ಯಾರಿಕೇಡ್ ತೆಗೆಸಿದರು ಅಂತ ಬಂದಿದ್ದನ್ನು ನಾನಂತೂ ಓದಿಲ್ಲ.

ಜರ್ಮನಿಯ ಡೂಯಿಸ್‌ಬರ್ಗ್‌ನಲ್ಲಿ 2010ರ ಲವ್ ಪರೇಡ್ ಎಂಬ ಸಂಗೀತ ಮೇಳದಲ್ಲಿ ನೂಕುನುಗ್ಗಲಾಗಿ 21 ಜನ ಸತ್ತರು. ಅಲ್ಲೂ ಕ್ಯಾಮೆರಾಗಳಿದ್ದವು. ಅವುಗಳ ದೃಶ್ಯ ಆಮೇಲೆ ಸಾವಿನ ಕಾರಣ ಹುಡುಕಲು ಬಳಕೆಯಾಯಿತು.

ನಿಮ್ಮ ಎರಡನೇ ಪ್ರಶ್ನೆಗೆ ಇನ್ನೊಂದು ಮಾತು. ಲಕ್ಷಗಟ್ಟಲೆ ಜನ ಸೇರಿದ ಕಡೆ ಮೊಬೈಲ್ ನೆಟ್‌ವರ್ಕ್ ಮಲಗುತ್ತದೆ, ನಿಮಗೂ ಅನುಭವ ಇರುತ್ತದೆ. ಸಿಮ್ ಹಾಕಿದ ಕ್ಯಾಮೆರಾ ಆಗಲೇ ಕೈ ಕೊಡೋದು. ಅದಕ್ಕೇ ಮೆರವಣಿಗೆ ದಾರಿಯಂಥ ಕಡೆ ಫೈಬರ್ ಎಳೆಯಬೇಕು, ಆದೇಶ ಹೋಗೋದು ವಾಕಿಟಾಕಿಯಲ್ಲೇ ಆಗಬೇಕು. ಹಾಗೇ ದಸರಾ ಕಮಾನು, ಫ್ಲೆಕ್ಸು, ಸೀರಿಯಲ್ ಸೆಟ್ಟು ಕಟ್ಟಿದ ಮೇಲೆ ಯಾವ ಕ್ಯಾಮೆರಾದ ಮುಂದೆ ಏನು ಬಂದು ಕೂತಿದೆ ಅಂತ ಒಂದು ಸಲ ಸಂಜೆ ಲೈಟು ಹಚ್ಚಿ ನೋಡಬೇಕು. ಹಗಲು ಸರಿಯಾಗಿ ಕಾಣುವ ಕ್ಯಾಮೆರಾ ದೀಪಾಲಂಕಾರದ ಎದುರು ಬರೀ ಬೆಳ್ಳಗೆ ಕಾಣಬಹುದು.

ಸಾರ್, ನಮ್ಮದು ಫೈನಲ್ ಇಯರ್ ಪ್ರಾಜೆಕ್ಟು. ಊರಿಗೆಲ್ಲ 1000 ಕ್ಯಾಮೆರಾ ಮತ್ತು ಸೆನ್ಸಾರ್‌ಗಳನ್ನು ಒಂದೇ ಸರ್ವರ್‌ಗೆ ಸೇರಿಸಿ, ಎಐ ಹಾಕಿ, ರಿಯಲ್ ಟೈಮ್ ಆಗಿ ತೋರಿಸಬೇಕು ಅಂತಿದ್ದೀವಿ. ಗೈಡ್ ಒಪ್ಪಿದ್ದಾರೆ. ಎಲ್ಲಿಂದ ಶುರು ಮಾಡೋದು?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮಂಡ್ಯ

ಕ್ಯಾಲ್ಕುಲೇಟರ್‌ನಿಂದ ಶುರು ಮಾಡ್ರಪ್ಪ.

1080ಪಿ ಕ್ಯಾಮೆರಾ ಎಚ್.264 ಎಂಬ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಕಳಿಸುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 43.2 ಜಿಬಿ. ಸಾವಿರಕ್ಕೆ ದಿನಕ್ಕೆ 43.2 ಟಿಬಿ. 30 ದಿನ ಇಡಬೇಕು ಅಂದರೆ 1,296 ಟಿಬಿ. ಲೈನಲ್ಲಿ ಹಗಲೂ ರಾತ್ರಿ 4 ಗಿಗಾಬಿಟ್ ಹರಿಯುತ್ತಿರಬೇಕು. ಅದರ ಮುಂದಿನ ಪೀಳಿಗೆ ಎಚ್.265 ಹಾಕಿದರೆ ಹೆಚ್ಚುಕಮ್ಮಿ ಅರ್ಧ ಆಗುತ್ತದೆ, ಆದರೂ ನಿಮ್ಮ ಲ್ಯಾಬಿನ ಸರ್ವರ್‌ಗೆ ಇದು ಆಗುವ ಮಾತಲ್ಲ. ಗೈಡ್‌ಗೆ ಈ ಲೆಕ್ಕ ತೋರಿಸಿ.

ಈಗ ಅದೇ ಕ್ಯಾಮೆರಾ ಪಕ್ಕದಲ್ಲಿ ಒಂದು ಸಣ್ಣ ಕಂಪ್ಯೂಟರ್ ಇಡಿ. ವಿಡಿಯೋ ಅಲ್ಲೇ ನೋಡಿ, ಅಲ್ಲೇ ಎಣಿಸಿ, ಸೆಕೆಂಡಿಗೊಂದು ಸಣ್ಣ ಸಂದೇಶ ಮಾತ್ರ ಕಳಿಸಲಿ: ಕ್ಯಾಮೆರಾ ಸಂಖ್ಯೆ, ಸಮಯ, ಎಷ್ಟು ಬೈಕು, ಎಷ್ಟು ಕಾರು, ಎಷ್ಟು ಜನ, ಆ ಎಣಿಕೆ ಎಷ್ಟು ಖಾತ್ರಿ. 200 ಬೈಟ್ ಸಾಕು. ಸಾವಿರ ಕ್ಯಾಮೆರಾ ಸೇರಿ ಸೆಕೆಂಡಿಗೆ 1.6 ಮೆಗಾಬಿಟ್. 4,000 ಎಲ್ಲಿ, 1.6 ಎಲ್ಲಿ! ವಿಡಿಯೋ ಆ ಕಂಬದ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಕೇಳಿದಾಗ ಮಾತ್ರ ಬರುತ್ತದೆ. ಸಂದೇಶಕ್ಕೆ ಎಂಕ್ಯೂಟಿಟಿ ಬಳಸಿ, ಯಂತ್ರಗಳ ಸಣ್ಣ ಸಂದೇಶ ಸಾಗಿಸೋಕೆ ಅಂತಲೇ ಇರುವ ಪದ್ಧತಿ ಅದು. 1999ರಲ್ಲಿ ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನು ಬರೆದಿದ್ದೇ ತೈಲ ಪೈಪ್‌ಲೈನಿನ ಸೆನ್ಸಾರ್‌ಗಳಿಗೆ, ಅದೂ ದುಬಾರಿ ಉಪಗ್ರಹ ಲಿಂಕಿನ ಮೇಲೆ. ನಿಮ್ಮ ಹಾಸ್ಟೆಲ್ ವೈಫೈ ಮೇಲೂ ನಡೆಯುತ್ತದೆ.

ಎರಡನೇದು ಸಮಯ. ಇದನ್ನು ಯಾರೂ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯಲ್ಲ. ಎಲ್ಲ ಪೆಟ್ಟಿಗೆಯ ಗಡಿಯಾರಗಳೂ ಎನ್‌ಟಿಪಿ (ನೆಟ್‌ವರ್ಕ್ ಮೇಲೆ ಗಡಿಯಾರ ಹೊಂದಿಸುವ ವಿಧಾನ) ಮೂಲಕ ಒಂದೇ ಕಡೆಯಿಂದ ಸಮಯ ತಗೋಬೇಕು. ಗಂಟೆಗೆ 36 ಕಿ.ಮೀ. ಹೋಗುವ ಬೈಕು ಒಂದು ಸೆಕೆಂಡಿಗೆ 10 ಮೀಟರ್ ಹೋಗಿರುತ್ತದೆ. ಎರಡು ಕ್ಯಾಮೆರಾಗಳ ಮಧ್ಯೆ ಮೂರು ಸೆಕೆಂಡ್ ವ್ಯತ್ಯಾಸ ಇದ್ದರೆ ಒಂದೇ ಬೈಕು ಒಂದೇ ಹೊತ್ತಲ್ಲಿ ಎರಡು ಕಡೆ ಇರುತ್ತದೆ, ನಿಮ್ಮ ಎಣಿಕೆ ಎಲ್ಲ ಕಲಸುಮೇಲೋಗರ.

ಮೂರನೇದು ಜಾಗ. ಕ್ಯಾಮೆರಾಗೆ ಗೊತ್ತಿರೋದು ಪಿಕ್ಸೆಲ್, ನಿಮಗೆ ಬೇಕಿರೋದು ರಸ್ತೆ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ, ಯಾವ ಮೂರೂ ಒಂದೇ ಗೆರೆಯಲ್ಲಿ ಇಲ್ಲದ ನಾಲ್ಕು ಬಿಂದು ಆರಿಸಿ. ಜೀಬ್ರಾ ಪಟ್ಟಿಯ ಮೂಲೆಗಳು ಒಳ್ಳೆಯವು. ಬೆಳಿಗ್ಗೆ ಆರಕ್ಕೆ ಟ್ರಾಫಿಕ್ ಇಲ್ಲದಾಗ ಟೇಪು ಹಿಡಿದು ಅವುಗಳ ಅಂತರ ಅಳೆಯಿರಿ. ಒಬ್ಬ ಟೇಪಿನ ತುದಿ ಅದುಮಿ ಹಿಡಿಯಬೇಕು, ಒಬ್ಬ ಬರ್ಕೋಬೇಕು, ಒಬ್ಬ ಬರೋ ಹಾಲಿನ ವ್ಯಾನ್ ನೋಡ್ಕೋಬೇಕು. ಈ ನಾಲ್ಕು ಬಿಂದು ಕೊಟ್ಟರೆ ರಸ್ತೆ ಮಟ್ಟದ ಯಾವ ಪಿಕ್ಸೆಲ್ ನೆಲದ ಮೇಲೆ ಎಲ್ಲಿದೆ ಅಂತ ಲೆಕ್ಕ ಸಿಗುತ್ತದೆ. ಹೋಮೋಗ್ರಫಿ ಅಂತ ಓದಿರುತ್ತೀರಿ. ಆಮೇಲೆ ಯಾರಾದರೂ ಏಣಿ ಹತ್ತಿ ಕ್ಯಾಮೆರಾ ಒರೆಸುವಾಗ ಎರಡು ಡಿಗ್ರಿ ತಿರುಗಿಸಿದರೆ ಮತ್ತೆ ಅಳೆಯಬೇಕು. ಅದು ತಿರುಗಿದೆ ಅಂತ ತಾನೇ ಕಂಡುಹಿಡಿಯುವ ಒಂದು ಸಣ್ಣ ಪ್ರೋಗ್ರಾಂ ಬರೆದರೆ, ನನ್ನ ಲೆಕ್ಕದಲ್ಲಿ ಅದೇ ಒಂದು ಪ್ರಾಜೆಕ್ಟು.

ಇನ್ನು ಸುಳ್ಳು ಎಚ್ಚರಿಕೆ. ನಿಮ್ಮ ಎಐ ತುಂಬಾ ಒಳ್ಳೆಯದು, ಒಂದು ಕ್ಯಾಮೆರಾ ದಿನಕ್ಕೆ ಒಂದೇ ಸಲ ಸುಮ್ನೆ ಕೂಗುತ್ತದೆ ಅನ್ನಿ. ಸಾವಿರ ಕ್ಯಾಮೆರಾ ಅಂದರೆ ಸುಮಾರು ಒಂದೂವರೆ ನಿಮಿಷಕ್ಕೊಂದು ಸುಳ್ಳು ಕೂಗು, 24 ಗಂಟೆಯೂ. ಎರಡನೇ ದಿನ ಅಲ್ಲಿ ಕೂತವರು ಶಬ್ದ ಬಂದ್ ಮಾಡುತ್ತಾರೆ. ನಾನಾಗಿದ್ದರೂ ಮಾಡುತ್ತಿದ್ದೆ. ಅದಕ್ಕೆ ಒಂದು ಕ್ಯಾಮೆರಾದ ಮಾತನ್ನು ನಂಬಬೇಡಿ. ಪಕ್ಕದ ಕ್ಯಾಮೆರಾವೋ, ಮೇಲೆ ಗಾಡಿ ಬಂದರೆ ಗುರುತಿಸುವ ರಸ್ತೆಯಡಿಯ ತಂತಿ ಸುರುಳಿ, ಅಂದರೆ ಲೂಪ್ ಸೆನ್ಸಾರೋ, ಮೈಕೋ, ಎರಡನೇ ಸಾಕ್ಷಿ ಹೌದು ಅಂದಾಗ ಮಾತ್ರ ಕೂಗಲಿ. ಕ್ಯಾಮೆರಾ ಜೊತೆ ಸೆನ್ಸಾರ್ ಯಾಕೆ ಬೇಕು ಅನ್ನೋದಕ್ಕೆ ಉತ್ತರವೂ ಇದೇ. ಮಂಜು, ಮಳೆ, ಕತ್ತಲೆಯಲ್ಲಿ ಕ್ಯಾಮೆರಾ ಸೋಲುವ ಕಡೆ ಲೂಪು ಸೋಲುವುದಿಲ್ಲ.

ಮತ್ತೆ ಸತ್ತ ಕ್ಯಾಮೆರಾಗಳ ಕಥೆ. ದೊಡ್ಡ ಜಾಲದಲ್ಲಿ ಯಾವತ್ತೂ ಕೆಲವು ಸತ್ತಿರುತ್ತವೆ. ಕೆಲವು ಬದುಕಿದ್ದೂ ಕುರುಡು: ಧೂಳು, ಬೆಳೆದ ಮರದ ಕೊಂಬೆ, ಚಾಮುಂಡಿ ಬೆಟ್ಟದ ಕಡೆಯಾದರೆ ಕೋತಿ. ನಕ್ಷೆ ಮೇಲೆ ಆ ಜಾಗ ಹಸಿರಾಗಿ ಕಾಣಬಾರದು, ಬೂದು ಬಣ್ಣ ಬರಬೇಕು. ತೊಂದರೆ ಇಲ್ಲ ಅನ್ನೋದಕ್ಕೂ ಗೊತ್ತಿಲ್ಲ ಅನ್ನೋದಕ್ಕೂ ಒಂದೇ ಬಣ್ಣ ಕೊಟ್ಟ ಡ್ಯಾಶ್‌ಬೋರ್ಡ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಾವಿರ ಬಿಡಿ. ನೂರಡಿ ರಸ್ತೆಯ ಒಂದು ಸರ್ಕಲ್ ತಗೊಳ್ಳಿ, ಪೊಲೀಸರ ಅನುಮತಿ ಕಾಗದದಲ್ಲಿ ತಗೊಳ್ಳಿ, ನಾಲ್ಕೇ ಕ್ಯಾಮೆರಾ ಹಾಕಿ. ಕ್ಯಾಮೆರಾದಿಂದ ಸ್ವಿಚ್‌ಗೆ ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಬಾರದು, ಆಮೇಲೆ ಫೈಬರೇ. ಕ್ಯಾಮೆರಾ ಕೊಳ್ಳುವಾಗ ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳು ಒಂದೇ ಭಾಷೆ ಆಡಲಿ ಅಂತ ಮಾಡಿದ ಓಎನ್‌ವಿಐಎಫ್ ಮಾನದಂಡ ಇದೆಯಾ ನೋಡಿ, ಇಲ್ಲದಿದ್ದರೆ ಒಂದೊಂದು ಕಂಪನಿಗೂ ಒಂದೊಂದು ಕೋಡ್ ಬರೆಯುತ್ತಾ ಸೆಮಿಸ್ಟರ್ ಮುಗಿಯುತ್ತದೆ. ಕೊನೆಗೆ ಒಂದು ಅಳತೆ ಮಾತ್ರ ವೈವಾದಲ್ಲಿ ತೋರಿಸಿ: ರಸ್ತೆಯಲ್ಲಿ ಘಟನೆ ನಡೆದ ಕ್ಷಣದಿಂದ ಪರದೆ ನೋಡುವವನಿಗೆ ಗೊತ್ತಾಗುವವರೆಗೆ ಎಷ್ಟು ಸೆಕೆಂಡ್? ಅದನ್ನು ಅಳೆದು ತಂದ ಹುಡುಗರಿಗೆ ನಾನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ನಮ್ಮ ಅಪಾರ್ಟ್‌ಮೆಂಟ್ ಗೇಟಿಗೆ 8 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿಸಿದೆವು. ರಾತ್ರಿ ಒಂದು ಗಾಡಿ ಗೋಡೆಗೆ ಗುದ್ದಿ ಹೋಯಿತು. ನಂಬರ್ ಪ್ಲೇಟ್ ಜಾಗದಲ್ಲಿ ಬೆಳ್ಳಗಿನ ಪಟ್ಟಿ ಬಿಟ್ಟರೆ ಏನೂ ಇಲ್ಲ. ಮೋಸ ಹೋದೆವಾ?
— ಸಂಘದ ಕಾರ್ಯದರ್ಶಿ, ಕುವೆಂಪುನಗರ, ಮೈಸೂರು

ಕ್ಯಾಮೆರಾ ಸುಳ್ಳು ಹೇಳಿಲ್ಲ, ಮಾರಿದವರು ಪೂರ್ತಿ ಹೇಳಿಲ್ಲ ಮೇಡಂ.

ಮೆಗಾಪಿಕ್ಸೆಲ್ ನೋಡಬೇಡಿ, ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳುತ್ತದೆ ನೋಡಿ. 2015ರ ಐರೋಪ್ಯ ಮಾನದಂಡದಲ್ಲಿ ಯಾರೋ ಇದ್ದಾರೆ ಅಂತ ತಿಳಿಯೋಕೆ ಮೀಟರಿಗೆ 25, ಗುರುತಿರುವವರನ್ನು ಇವರೇ ಅನ್ನೋಕೆ 125, ಗುರುತಿಲ್ಲದವರ ಮುಖ ಪತ್ತೆ ಮಾಡೋಕೆ 250 ಪಿಕ್ಸೆಲ್ ಬೇಕು. ನಿಮ್ಮ ಕ್ಯಾಮೆರಾದ ಅಗಲ 3,840 ಪಿಕ್ಸೆಲ್. ಅದು ಗೇಟು, ಫುಟ್‌ಪಾತು, ಎದುರಿನ ಅಂಗಡಿ ಎಲ್ಲ ಸೇರಿ 30 ಮೀಟರ್ ತೋರಿಸುತ್ತಿದೆ ಅನ್ನಿ. ಮೀಟರಿಗೆ 128. ಕಾರಿನ ನಂಬರ್ ಪ್ಲೇಟ್ ಅಗಲ ಅರ್ಧ ಮೀಟರ್, ಅಂದರೆ 64 ಪಿಕ್ಸೆಲ್. ಅದರಲ್ಲಿ ಹತ್ತು ಅಕ್ಷರ ಕೂರಬೇಕು. ಒಂದಕ್ಕೆ ಆರು ಪಿಕ್ಸೆಲ್! ಎಂಟೋ ಬಿಯೋ ಆ ದೇವರೇ ಹೇಳಬೇಕು. ಎಲ್ಲ ಕಾಣಲಿ ಅಂತ ಅಗಲ ಮಾಡಿಸಿದ್ದೇ ಏನೂ ಕಾಣದ ಹಾಗಾಯಿತು.

ರಾತ್ರಿಯ ಕಥೆ ಬೇರೆ. ಬೆಳಕು ಸಾಲದೆ ಕ್ಯಾಮೆರಾ ತನ್ನ ಷಟರನ್ನು ಸೆಕೆಂಡಿನ 25ನೇ ಒಂದು ಭಾಗ ತೆರೆದಿಡುತ್ತದೆ. 30 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮೇಲಾಗಿ ಈಗಿನ ಪ್ಲೇಟುಗಳು ಬೆಳಕನ್ನು ಬಂದ ಕಡೆಗೇ ವಾಪಸ್ ಹೊಡೆಯುತ್ತವೆ, ಕ್ಯಾಮೆರಾದ್ದೇ ಇನ್‌ಫ್ರಾರೆಡ್ ಬೆಳಕು ಅದರ ಮೇಲೆ ಬಿದ್ದು ನೀವು ಕಂಡ ಬಿಳಿ ಪಟ್ಟಿ.

ಇರುವ ಕ್ಯಾಮೆರಾ ಹಾಗೇ ಇರಲಿ. ಗೇಟಿನ ಐದಾರು ಮೀಟರ್ ಮಾತ್ರ ನೋಡುವ ಇನ್ನೊಂದನ್ನು ಪ್ಲೇಟಿನ ಎತ್ತರಕ್ಕೆ ಹತ್ತಿರ ಹಾಕಿಸಿ. 2 ಮೆಗಾಪಿಕ್ಸೆಲ್ ಸಾಕು. ಷಟರ್ 500ನೇ ಒಂದು ಭಾಗಕ್ಕೆ ಕಟ್ಟಿಹಾಕಲು ಹೇಳಿ. ಚಿತ್ರ ಕಪ್ಪಗೆ ಬರುತ್ತದೆ, ಪ್ಲೇಟ್ ಮಾತ್ರ ಹೊಳೆಯುತ್ತದೆ. ಬೇಕಿರೋದೂ ಅಷ್ಟೇ ಅಲ್ವಾ?

ಯಾವ ಕಂಪನಿ ಕ್ಯಾಮೆರಾ ತಗೊಳ್ಳೋದು? ಕಡಿಮೆ ರೇಟಿನದು ಹ್ಯಾಕ್ ಆಗುತ್ತಂತೆ.
— ಬೇಕರಿ ಮಾಲೀಕರು, ಮದ್ದೂರು

ಕಂಪನಿ ಹೆಸರು ಹೇಳಲ್ಲ. 2016ರ ಅಕ್ಟೋಬರಿನಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಮಲಗಿಸಿತು. ಅದರ ಸೈನ್ಯದಲ್ಲಿದ್ದದ್ದು ಕಾರ್ಖಾನೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ, ರೌಟರ್‌ಗಳು. ನಮ್ಮಲ್ಲಿ ಏಪ್ರಿಲ್ 2025ರಿಂದ ಮಾರಾಟಕ್ಕೆ ಬರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ಪಾಸಾಗಿರಬೇಕು ಅನ್ನೋ ನಿಯಮ ಬಂದಿದೆ. ಪ್ರಮಾಣಪತ್ರ ಕೇಳಿ. ಹಾಕಿದ ದಿನವೇ ಪಾಸ್‌ವರ್ಡ್ ಬದಲಿಸಿ, ಹಾಕಿದ ಹುಡುಗನ ಎದುರಿಗೆ ಬೇಡ.

ಅಣ್ಣಾ, ನಮ್ದು ಶ್ರೀರಂಗಪಟ್ಟಣದ ಕೆಳಗೆ ಹೊಳೆ ಅಂಚಿನ ಜಮೀನು. ಕನ್ನಂಬಾಡಿಯಿಂದ ನೀರು ಬಿಟ್ಟಾಗೆಲ್ಲ ಮೋಟ್ರು ಮುಳುಗೋಗ್ತದೆ. ಹೊಳೆಗೆ ಕ್ಯಾಮೆರಾ ಹಾಕಿ ಮೊಬೈಲಲ್ಲಿ ನೋಡ್ಬೋದಾ? ನಾವು ಏಳೆಂಟು ಜನ ಸೇರಿ ದುಡ್ಡು ಹಾಕೋಕೆ ರೆಡಿ.
— ರೈತರು, ಶ್ರೀರಂಗಪಟ್ಟಣ ತಾಲ್ಲೂಕು

ಅಣ್ಣ, ಕ್ಯಾಮೆರಾ ಬೇಡ. ನೀರು ಏರೋದು ನಡುರಾತ್ರಿ, ಜಡಿಮಳೆಯಲ್ಲಿ. ಆಗ ಕ್ಯಾಮೆರಾದಲ್ಲಿ ಕಾಣೋದು ಮಳೆಹನಿ ಮಾತ್ರ. ಕಂಡರೂ ನೀವು ಎದ್ದು ನೋಡಬೇಕಲ್ಲ, ಮಲಗಿರೋರನ್ನು ಯಾರು ಎಬ್ಬಿಸ್ತಾರೆ?

ನಿಮಗೆ ಬೇಕಿರೋದು ನೀರಿನ ಮಟ್ಟ ಅಳೆಯುವ ಸೆನ್ಸಾರ್. ಮೇಲಿನಿಂದ ನೀರಿಗೆ ಅಲೆ ಬಿಟ್ಟು, ವಾಪಸ್ ಬರುವ ಸಮಯದಿಂದ ದೂರ ಹೇಳುತ್ತದೆ. ಶಬ್ದದ ಅಲೆಯದು ಅಗ್ಗ, ಆದರೆ ಗಾಳಿಯ ಬಿಸಿ ಬದಲಾದರೆ ಅದರ ಲೆಕ್ಕವೂ ಅಷ್ಟಿಷ್ಟು ಬದಲಾಗುತ್ತದೆ. ರಾಡಾರಿನದು ದುಬಾರಿ, ಆದರೆ ಆ ಗೋಜಿಲ್ಲ. ಕಳಿಸಬೇಕಿರೋದು ಒಂದು ಸಂಖ್ಯೆ ಮಾತ್ರ ಆದ್ದರಿಂದ ಕಡಿಮೆ ಕರೆಂಟಿನಲ್ಲಿ ಸಣ್ಣ ಸಂದೇಶ ದೂರಕ್ಕೆ ಕಳಿಸುವ ಲೋರಾ ರೇಡಿಯೋ ಸಾಕು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಜ್ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಬಯಲಿನಲ್ಲಿ ಕೆಲವು ಕಿ.ಮೀ. ಹೋಗುತ್ತದೆ, ಸಣ್ಣ ಸೋಲಾರ್ ಹಲಗೆಯಲ್ಲಿ ಓಡುತ್ತದೆ. ಮನೆ ಕಡೆ ಒಂದು ಪೆಟ್ಟಿಗೆ ಅದನ್ನು ಹಿಡಿದು ಎಲ್ಲರ ಫೋನಿಗೆ ಕರೆ ಮಾಡಲಿ, ಸೈರನ್ ಬಡಿಯಲಿ. ವಾಟ್ಸಾಪ್ ಮೆಸೇಜಿಗೆ ಯಾರೂ ಎದ್ದೇಳಲ್ಲ.

ಎಚ್ಚರಿಕೆ ಹೇಗೆ ಇಡಬೇಕು ಅನ್ನೋದೇ ಮುಖ್ಯ. ಬರೀ ಮಟ್ಟ ನೋಡಬೇಡಿ, ಎಷ್ಟು ಬೇಗ ಏರುತ್ತಿದೆ ನೋಡಿ. ಕಾಲು ಗಂಟೆಗೆ ಒಂದು ಗೇಣು ಏರಿದರೆ ನೀರು ಇನ್ನೂ ಕೆಳಗಿದ್ದರೂ ಕೂಗಲಿ. ಮೋಟ್ರು ಬಿಚ್ಚಿ ಮೇಲೆ ಸಾಗಿಸೋಕೆ ನಿಮಗೆ ಎಷ್ಟು ಹೊತ್ತು ಬೇಕೋ ಅದರ ಮೇಲೆ ಲೆಕ್ಕ ಹಾಕಿ, ಆ ಹೊತ್ತಿಗಿಂತ ಮುಂಚೆ ಫೋನ್ ಬರಬೇಕು. ಕೂಗು ಶುರುವಾಗುವ ಮಟ್ಟ ಒಂದು, ನಿಲ್ಲುವ ಮಟ್ಟ ಅದಕ್ಕಿಂತ ಅಡಿ ಕೆಳಗೆ ಇರಲಿ, ಇಲ್ಲದಿದ್ದರೆ ಅಲೆ ಏರಿಳಿದಂತೆಲ್ಲ ಫೋನ್ ಬಡಿಯುತ್ತದೆ. ಮತ್ತೆ, ಅರ್ಧ ಗಂಟೆ ಸಂಖ್ಯೆಯೇ ಬರದಿದ್ದರೆ ಅದಕ್ಕೂ ಫೋನ್ ಬರಬೇಕು. ಪ್ರವಾಹದಲ್ಲಿ ಮೊದಲು ಕೊಚ್ಚಿಹೋಗೋದು ಸೆನ್ಸಾರೇ ಇರಬಹುದು.

ಹೊಳೆಯ ಮೇಲ್ಗಡೆಯ ಸುದ್ದಿಯನ್ನೂ ಬಿಡಬೇಡಿ. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅದಕ್ಕೆ ಹತ್ತಿರ ಬಂದು ಕೊಡಗಿನಲ್ಲಿ ಮಳೆ ಹಿಡಿದರೆ ಬಂದ ನೀರನ್ನು ಹಾಗೇ ಬಿಡಲೇಬೇಕು. 2024ರ ಮಳೆಗಾಲದಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ತಾನೇ ಸಂದೇಶ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ, ರಾಜ್ಯಕ್ಕೆಲ್ಲ ಆರು ಸಾವಿರಕ್ಕೂ ಜಾಸ್ತಿ. ಸದ್ದಿಲ್ಲದೆ ನಡೆಯುತ್ತಿರುವ ಸೆನ್ಸಾರ್ ಜಾಲ ಅಂದರೆ ಅದು. ಕ್ಯಾಮೆರಾಗಳಷ್ಟು ಯಾರ ಕಣ್ಣಿಗೂ ಬೀಳಲ್ಲ ಅಷ್ಟೇ.

ಸೆನ್ಸಾರ್ ಕಟ್ಟುವ ಮುಂಚೆ ನೀರಾವರಿ ಇಲಾಖೆಯವರನ್ನು ಕೇಳಿ. ಸೇತುವೆಗೆ ಹಾಗೇ ಹೋಗಿ ಕಟ್ಟೋ ಹಾಗಿಲ್ಲ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಜೇಡರ ಬಲೆ, ಕಣಜದ ಗೂಡು ತೆಗೆಯಿರಿ. ಹೊಳೆ ಬದಿಯಲ್ಲಿ ಇದರದ್ದೇ ದೊಡ್ಡ ಕಾಟ. ಕ್ಯಾಮೆರಾ ಆಗಿದ್ದರೆ ಇನ್ನೂ ಜಾಸ್ತಿ, ಅದರ ರಾತ್ರಿ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಗಾಳಿಗೆ ಅಲ್ಲಾಡುವ ಒಂದು ಎಳೆ ರಾತ್ರಿಯೆಲ್ಲ ಯಾರೋ ಬಂದರು ಅಂತ ಕೂಗಿಸುತ್ತದೆ.

ಕಬ್ಬಿನ ಗದ್ದೆಯಲ್ಲಿ ಚಿರತೆ ಓಡಾಡ್ತಿದೆ. ಎಐ ಕ್ಯಾಮೆರಾ ಹಾಕಿದರೆ ಬಂದ ಕೂಡಲೇ ತಿಳಿಯುತ್ತಾ?
— ಗೃಹಿಣಿ, ತಿ. ನರಸೀಪುರ

ಹಾಕಿದ ಜಾಗದಲ್ಲಿ ಬಂದರೆ ತಿಳಿಯುತ್ತೆ ಅಕ್ಕ. ಕಬ್ಬಿನೊಳಗೆ ಕ್ಯಾಮೆರಾಗೆ ಎರಡು ಮೀಟರ್ ಆಚೆ ಕಾಣಲ್ಲ, ಆದ್ದರಿಂದ ಗದ್ದೆಗೆ ಬೇಡ, ಕಾಲುವೆ ಏರಿ, ಬಂಡಿದಾರಿ, ಕೊಟ್ಟಿಗೆ ಹಿಂದಿನ ಓಣಿಗೆ ಹಾಕಬೇಕು. ಕಾಡಿನ ಕ್ಯಾಮೆರಾಗಳು ಮೈಬಿಸಿ ಇರುವ ಪ್ರಾಣಿ ಅಲ್ಲಾಡಿದಾಗ ಫೋಟೋ ತೆಗೆಯುತ್ತವೆ. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ತೆಗೆಯುತ್ತವೆ. 2018-19ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟಿದ್ದರು. ಸಿಕ್ಕ ಫೋಟೋ ಮೂರೂವರೆ ಕೋಟಿಯಷ್ಟು. ಅದರಲ್ಲಿ ಹುಲಿ ಇದ್ದದ್ದು 76,651, ಚಿರತೆ 51,777. ಆ ರಾಶಿಯನ್ನು ಬೇರ್ಪಡಿಸೋಕೆ ಅವರಿಗೆ ತಂತ್ರಾಂಶ ಇತ್ತು, ಸಮಯವೂ ಇತ್ತು. ನಿಮಗೆ ನಿಮಿಷದಲ್ಲಿ ಬೇಕು. ಸ್ಥಳದಲ್ಲೇ ಗುರುತಿಸಿ ಫೋಟೋ ಕಳಿಸುವ ಕ್ಯಾಮೆರಾಗಳು ಬಂದಿವೆ, ಸಿಗ್ನಲ್ ಇರೋ ಕಡೆ ಪರವಾಗಿಲ್ಲ. ಆದರೆ ಊರ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅರಣ್ಯ ಇಲಾಖೆಗೆ ಮಾತ್ರ ಹೋಗಲಿ. ಚಿರತೆ ಇಲ್ಲಿದೆ ಅಂದ ಹತ್ತೇ ನಿಮಿಷಕ್ಕೆ ನೂರು ಜನ ಮೊಬೈಲ್ ಹಿಡಿದು ಸುತ್ತುವರಿದರೆ ಅದು ಯಾರ ಮೇಲಾದರೂ ಎಗರೇ ಎಗರುತ್ತೆ.

ನಾನಿರುವ ಪಿಜಿಯ ಓನರ್ ಕಾರಿಡಾರಿಗೆಲ್ಲ ಕ್ಯಾಮೆರಾ ಹಾಕಿ ಮನೆಯಲ್ಲಿ ಕೂತು ಮೊಬೈಲಲ್ಲಿ ನೋಡ್ತಾರೆ. ಕೇಳಿದರೆ ನಿಮ್ಮ ಸೇಫ್ಟಿಗೇ ಅಂತಾರೆ. ಏನು ಮಾಡಲಿ?
— ವಿದ್ಯಾರ್ಥಿನಿ, ಮೈಸೂರು

ಗೇಟು, ಮೆಟ್ಟಿಲು, ವರಾಂಡದ ಬಾಗಿಲಿಗೆ ಕ್ಯಾಮೆರಾ ಇರಲಿ ಅನ್ನೋದು ಸರಿಯೇ. ಜನ ಸೇರುವ ಜಾಗಗಳಿಗೆ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಡಿ ಅನ್ನುತ್ತದೆ. ಆದರೆ ಇಡೋದು ಬೇರೆ, ಕೂತು ನೋಡೋದು ಬೇರೆ ಕಣಮ್ಮ. ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಓನರಿಗೆ ಒಂದು ಪತ್ರ ಕೊಡಿ, ಒಬ್ಬರೇ ಬೇಡ, ಎಲ್ಲರೂ ಸೇರಿ ಸಹಿ ಹಾಕಿ. ಯಾವ ಕ್ಯಾಮೆರಾ ಎಲ್ಲಿ ನೋಡುತ್ತಿದೆ, ಪಾಸ್‌ವರ್ಡ್ ಯಾರ ಯಾರ ಹತ್ತಿರ ಇದೆ, ಯಾರು ಯಾವಾಗ ನೋಡಿದರು ಅಂತ ದಾಖಲೆ ಇದೆಯಾ, ಎಷ್ಟು ದಿನಕ್ಕೆ ಅಳಿಸುತ್ತಾರೆ, ಇಷ್ಟು ಕೇಳಿ. ಕ್ಯಾಮೆರಾದ ನೋಟದಲ್ಲಿ ರೂಮಿನ ಬಾಗಿಲೊಳಗೆ ಕಾಣಬಾರದು. ಬಹಳಷ್ಟು ಕ್ಯಾಮೆರಾಗಳಲ್ಲಿ ಆ ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚುವ ಸೌಲಭ್ಯ ಇದ್ದೇ ಇರುತ್ತದೆ, ಐದು ನಿಮಿಷದ ಕೆಲಸ. ಮೈಕ್ ಇದ್ದರೆ ಬಂದ್ ಮಾಡಿಸಿ. ಬಟ್ಟೆ ಬದಲಿಸುವ, ಸ್ನಾನದ ಜಾಗದಲ್ಲಿ ಕ್ಯಾಮೆರಾ ಕಂಡರೆ ಮಾತೇ ಬೇಡ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅದು ಅಪರಾಧ, ನೇರ ಠಾಣೆಗೆ ಹೋಗಿ.

ಅಂಗಡಿ ಮುಂದೆ ಆಕ್ಸಿಡೆಂಟ್ ಆಯ್ತು. ಪೊಲೀಸರು ಫೂಟೇಜ್ ಕೇಳಿದರು. ನೋಡಿದರೆ ಡಿವಿಆರ್ ಟೈಮು 17 ನಿಮಿಷ ಮುಂದಿದೆ. ಕೋರ್ಟಲ್ಲಿ ನಡೆಯುತ್ತಾ? ಟೈಮು ಈಗ ಸರಿ ಮಾಡಿಬಿಡಲಾ?
— ಬಟ್ಟೆ ಅಂಗಡಿಯವರು, ಅಶೋಕ ರಸ್ತೆ, ಮೈಸೂರು

ಈಗ ಮುಟ್ಟಬೇಡಿ! ಡಿವಿಆರ್ ಪರದೆಯ ಟೈಮು ಮತ್ತು ನಿಮ್ಮ ಮೊಬೈಲಿನ ಟೈಮು ಎರಡೂ ಒಟ್ಟಿಗೆ ಬರುವ ಹಾಗೆ ಒಂದು ಫೋಟೋ ತೆಗೆದಿಡಿ. ವ್ಯತ್ಯಾಸ ಇಷ್ಟು ಅಂತ ಪೊಲೀಸರಿಗೆ ಬರೆದು ಕೊಡಿ. ವ್ಯತ್ಯಾಸ ಇದ್ದ ಮಾತ್ರಕ್ಕೆ ದೃಶ್ಯ ಕಸ ಆಗಲ್ಲ, ಮುಚ್ಚಿಟ್ಟು ತಿದ್ದಿದರೆ ಅನುಮಾನ ಬರುತ್ತದೆ. ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರತಿ ಕೊಡುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಒಂಚೂರು ತಿದ್ದಿದರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ) ನಮೂದಿಸಬೇಕು. ನಮೂನೆ ಠಾಣೆಯಲ್ಲಿ ಕೇಳಿ, ಓದಿ ಸಹಿ ಮಾಡಿ.

ಮೊದಲು ಮಾತ್ರ ಆ ಹೊತ್ತಿನ ತುಣುಕನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಇವತ್ತೇ. ಅಂಗಡಿ ಡಿವಿಆರ್‌ಗಳಲ್ಲಿ ಹಾರ್ಡ್‌ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ, ಸಣ್ಣ ಡಿಸ್ಕ್ ಆದರೆ ವಾರವೂ ಉಳಿಯಲ್ಲ. ಟೈಮ್ ಸರಿ ಮಾಡೋದು ಪೊಲೀಸರು ಪ್ರತಿ ತಗೊಂಡು ಹೋದ ಮೇಲೆ.